ಚಿಕ್ಕ ಮಕ್ಕಳ ಉಣ್ಣುವ ತೊಂದರೆಗಳು: ಗುರುತಿಸುವುದು ಹೇಗೆ, ಸರಿಪಡಿಸುವುದು ಹೇಗೆ

"ಮಗು ಏನೂ ತಿನ್ನೋದೇ ಇಲ್ಲ" ಎಂಬ ದೂರು ಮೈಸೂರು, ಮಂಡ್ಯ ಸೀಮೆಯ ಯಾವ ಮಕ್ಕಳ ವೈದ್ಯರಿಗೂ ಹೊಸದಲ್ಲ. ಆದರೆ ಆ ಒಂದು ಮಾತಿನ ಹಿಂದೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಲವು ಸ್ಥಿತಿಗಳು ಅಡಗಿರುತ್ತವೆ. ಹೊಟ್ಟೆ ತುಂಬ ಹಾಲು ಕುಡಿದು ಅನ್ನ ಬೇಡವೆನ್ನುವ ಮಗು, ಅಗಿಯಲು ಬಾರದೆ ತುತ್ತನ್ನು ಕೆನ್ನೆಯೊಳಗೆ ಇಟ್ಟುಕೊಂಡು ಕೂರುವ ಮಗು, ರಕ್ತಹೀನತೆಯಿಂದ ಹಸಿವು ಸತ್ತಿರುವ ಮಗು, ನುಂಗಿದ್ದು ಶ್ವಾಸನಾಳಕ್ಕೆ ಇಳಿದು ಕೆಮ್ಮು ಬಂದು ಚಮಚ ಕಂಡರೇ ಬೆದರುವ ಮಗು, ಇವರೆಲ್ಲರನ್ನೂ ಮನೆಯವರು ಒಂದೇ ಮಾತಿನಲ್ಲಿ ಬಣ್ಣಿಸುತ್ತಾರೆ. ಆದ್ದರಿಂದ ಹೇಗೆ ತಿನ್ನಿಸುವುದು ಎಂಬ ಪ್ರಶ್ನೆಯನ್ನು ಸ್ವಲ್ಪ ಕಾಲ ಬದಿಗಿಟ್ಟು, ಮಗುವಿಗೆ ತಿನ್ನಲು ಬೇಡವಾಗಿದೆಯೋ ಅಥವಾ ತಿನ್ನಲು ಆಗುತ್ತಿಲ್ಲವೋ ಎಂಬುದನ್ನು ಮೊದಲು ಕಂಡುಕೊಳ್ಳಬೇಕು. ಹುಟ್ಟಿನಿಂದ 5 ವರ್ಷದವರೆಗಿನ ಮಕ್ಕಳ ವಿಷಯದಲ್ಲಿ ಇದನ್ನು ಕಂಡುಕೊಳ್ಳುವ ಕ್ರಮವನ್ನೂ ಅನಂತರ ಮಾಡಬೇಕಾದುದನ್ನೂ ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ತೂಕದ ಗೆರೆಯನ್ನು ನೋಡಿ

ಮಗುವಿಗೆ ಆಹಾರ ಸಾಲುತ್ತಿದೆಯೇ ಎಂಬುದನ್ನು ತಟ್ಟೆಯಲ್ಲಿ ಉಳಿದ ಅನ್ನ ನೋಡಿ ತೀರ್ಮಾನಿಸಲಾಗದು. ತಾಯಿ ಮಗುವಿನ ಆರೋಗ್ಯದ ವಿವರ ಬರೆದಿಡುವ ತಾಯಿ ಕಾರ್ಡಿನಲ್ಲಿ ಗಂಡು ಮತ್ತು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಬೆಳವಣಿಗೆ ನಕ್ಷೆಗಳಿರುತ್ತವೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಮಾಡಿಸಿ, ಆ ನಕ್ಷೆಯ ಮೇಲೆ ಗುರುತು ಹಾಕಿಸಿ. ಒಂದು ಗುರುತಿನಿಂದ ಹೆಚ್ಚೇನೂ ತಿಳಿಯುವುದಿಲ್ಲ. ಗುರುತುಗಳನ್ನು ಸೇರಿಸಿದ ಗೆರೆ ನಕ್ಷೆಯ ಗೆರೆಗೆ ಸಮವಾಗಿ ಏರುತ್ತಿದ್ದರೆ, ಪಕ್ಕದ ಮನೆಯ ಮಗುವಿಗಿಂತ ತೆಳ್ಳಗಿದ್ದರೂ ನಿಮ್ಮ ಮಗುವಿಗೆ ಬೇಕಾದಷ್ಟು ಸಿಗುತ್ತಿದೆ ಎಂದೇ ಬಹುಮಟ್ಟಿಗೆ ಅರ್ಥ. ಗೆರೆ ಎರಡು ತಿಂಗಳು ಚಪ್ಪಟೆಯಾಗಿ ಸಾಗಿದರೆ ಅಥವಾ ಕೆಳಗಿಳಿದರೆ ವೈದ್ಯರನ್ನು ಕಾಣಬೇಕು.

ನವಜಾತ ಶಿಶು ಮೊದಲ ವಾರದಲ್ಲಿ ಹುಟ್ಟುತೂಕದ ಶೇ. 10ರವರೆಗೆ ಕಳೆದುಕೊಂಡು, ಎರಡು ವಾರದೊಳಗೆ ಅದನ್ನು ಮರಳಿ ಪಡೆಯಬೇಕು; ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಹೆಚ್ಚುತ್ತದೆ. ಐದು ತಿಂಗಳ ಹೊತ್ತಿಗೆ ಹುಟ್ಟುತೂಕ ಇಮ್ಮಡಿಯಾಗಿ, ವರ್ಷ ತುಂಬುವಾಗ ಮೂರು ಪಟ್ಟಾಗುತ್ತದೆ. ಎರಡನೆಯ ವರ್ಷದಲ್ಲಿ ಮಾತ್ರ ಒಟ್ಟು ಎರಡೂವರೆ ಕಿಲೋ ಏರಿದರೆ ಹೆಚ್ಚು. ಬೆಳವಣಿಗೆಯ ವೇಗ ಇಳಿದಾಗ ಹಸಿವೂ ಇಳಿಯುತ್ತದೆ, ಮತ್ತು ವರ್ಷದ ಮಗುವಿನ ಬಗ್ಗೆ ಅಜ್ಜಿಯರು ಪಡುವ ಆತಂಕದಲ್ಲಿ ಅರ್ಧಪಾಲು ಈ ಸಹಜ ಇಳಿತದಿಂದ ಹುಟ್ಟಿದ್ದು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನು ಎರಡು ವರ್ಷದವರೆಗೆ ಹೆರಿಗೆಗೆ ವೈದ್ಯರು ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು.

ಅಂಗನವಾಡಿ ಕಾರ್ಯಕರ್ತೆಯರ ಬಳಿ ತೋಳಿನ ಸುತ್ತಳತೆಯ ಪಟ್ಟಿಯೂ ಇರುತ್ತದೆ. 6 ತಿಂಗಳಿನಿಂದ 5 ವರ್ಷದೊಳಗಿನ ಮಗುವಿನ ತೋಳು 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. 11.5ರಿಂದ 12.5ರ ನಡುವೆ ಇದ್ದರೆ ಸಾಧಾರಣ ಅಪೌಷ್ಟಿಕತೆ.

ಎರಡನೆಯ ಹೆಜ್ಜೆ: ಕಾಯಬಾರದ ಚಿಹ್ನೆಗಳನ್ನು ತಿಳಿದಿರಿ

ಮುಂದಿನ ಹೆಜ್ಜೆಗಳನ್ನು ನಿಧಾನವಾಗಿ ಮಾಡಬಹುದು. ಕೆಳಗಿನವುಗಳಲ್ಲಿ ಯಾವುದಾದರೂ ಕಂಡರೆ ಮಾತ್ರ ಅದೇ ದಿನ, ಅಗತ್ಯಬಿದ್ದರೆ 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗಬೇಕು.

- ಹಾಲು ಕುಡಿಯುವಾಗ ತುಟಿ, ನಾಲಿಗೆ ನೀಲಿಯಾಗುವುದು ಅಥವಾ ಉಸಿರು ನಿಂತಂತಾಗುವುದು.
- ಉಸಿರಾಟದ ವೇಗ: ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ವರ್ಷದೊಳಗಿನ ಮಗುವಿಗೆ 50, 5 ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು. ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಹೋಗುವುದೂ ಇದೇ ಸಾಲಿಗೆ ಸೇರಿದ್ದು.
- ಹಸಿರು ಬಣ್ಣದ ವಾಂತಿ. ಇದು ಕರುಳು ಕಟ್ಟಿರುವುದರ ಗುರುತಾಗಿರಬಹುದು.
- ಎರಡರಿಂದ ಎಂಟು ವಾರದ ಮಗು ಕುಡಿದ ಹಾಲನ್ನು ಪ್ರತಿಸಲವೂ ದೂರಕ್ಕೆ ಚಿಮ್ಮುವಂತೆ ಕಾರುವುದು.
- ಮಲದಲ್ಲಿ ರಕ್ತ, ಗುಳಿಬಿದ್ದ ನೆತ್ತಿ, ಎಂಟು ಗಂಟೆಯಾದರೂ ಮೂತ್ರ ಬಾರದಿರುವುದು, ಎಬ್ಬಿಸಿದರೂ ಏಳದ ಮಂಪರು.

ಹಾಲು ಕುಡಿಯುವಾಗ ಹಣೆಯಲ್ಲಿ ಬೆವರೊಡೆದು, ನಡುನಡುವೆ ಸುಸ್ತಾಗಿ ಬಿಡುವ ಮಗುವಿನ ಹೃದಯವನ್ನು ಪರೀಕ್ಷಿಸಬೇಕಾಗುತ್ತದೆ. ಅದಕ್ಕೂ ತಡಮಾಡಬೇಡಿ.

ಮೂರನೆಯ ಹೆಜ್ಜೆ: ಒಂದು ಹೊತ್ತಿನ ಊಟವನ್ನು ಸುಮ್ಮನೆ ಗಮನಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆಯನ್ನು ಅನುಸರಿಸಲು ನಿಮಗೆ ಬಿಡುವಿದ್ದರೆ ಇದನ್ನೇ ಅನುಸರಿಸಿ. ತಿನ್ನಿಸುವ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ವಹಿಸಿ, ನೀವು ಮಾತನಾಡದೆ ಕುಳಿತು ಊಟದ ಆರಂಭದಿಂದ ಕೊನೆಯವರೆಗೆ ನೋಡಿ. ಮಗುವಿನ ಮುಖ, ಕತ್ತು, ಎದೆ ಒಟ್ಟಿಗೆ ಕಾಣುವಂತೆ ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಆಸ್ಪತ್ರೆಯ ಹೊಸ ಜಾಗದಲ್ಲಿ ಅಳುವ ಮಗು ಬಾಯಿಯನ್ನೇ ತೆರೆಯದಿದ್ದಾಗ, ಮನೆಯಲ್ಲಿ ತೆಗೆದ ಕೆಲವು ನಿಮಿಷಗಳ ವಿಡಿಯೊ ವೈದ್ಯರಿಗೆ ಬಹಳಷ್ಟನ್ನು ತೋರಿಸಿಕೊಡುತ್ತದೆ.

ಬಾಯಿಯಿಂದ ಆರಂಭಿಸಿ. ಮೇಲ್ದುಟಿ ಇಳಿದು ಚಮಚದಿಂದ ಆಹಾರವನ್ನು ತಾನೇ ಎಳೆದುಕೊಳ್ಳುತ್ತದೆಯೇ, ಅಥವಾ ತಿನ್ನಿಸುವವರು ಚಮಚವನ್ನು ಮೇಲಿನ ವಸಡಿಗೆ ಒರೆಸಿ ಖಾಲಿ ಮಾಡುತ್ತಿದ್ದಾರೆಯೇ? ನಾಲಿಗೆ ತುತ್ತನ್ನು ಹೊರಕ್ಕೆ ನೂಕುತ್ತದೆಯೇ? ಹೀಗೆ ನೂಕುವುದು ಎಳೆ ಶಿಶುವಿನಲ್ಲಿ ಸಹಜ, ಸಾಮಾನ್ಯವಾಗಿ 4ರಿಂದ 6 ತಿಂಗಳ ನಡುವೆ ಮಾಯವಾಗುತ್ತದೆ. ಒಂಬತ್ತು ತಿಂಗಳಾದರೂ ಉಳಿದಿದ್ದರೆ ಕೇಳಿ ತಿಳಿಯಬೇಕು. ದವಡೆ ಮೇಲೆ ಕೆಳಗೆ ಮಾತ್ರ ಆಡುತ್ತದೆಯೇ, ಪಕ್ಕಕ್ಕೂ ಹೊರಳುತ್ತದೆಯೇ? ತುತ್ತು ಕೆನ್ನೆಯಲ್ಲಿ ಎಷ್ಟು ಹೊತ್ತು ಕೂರುತ್ತದೆ? ಹಾಲು ಮೂಗಿನಿಂದ ಬರುತ್ತದೆಯೇ? ಮೂಗಿನಿಂದ ಬಂದರೆ ಅಂಗುಳನ್ನು ಬೆಳಕು ಬಿಟ್ಟು ಪರೀಕ್ಷಿಸಬೇಕು, ಏಕೆಂದರೆ ಹೊರಗಿನ ತುಟಿ ಚೆನ್ನಾಗಿದ್ದು ಒಳಗಿನ ಅಂಗುಳು ಮಾತ್ರ ಸೀಳಿರುವ ಮಕ್ಕಳೂ ಇದ್ದಾರೆ.

ಮುಂದೆ ಕೆಮ್ಮಿನ ಕಡೆಗೆ ಗಮನ ಕೊಡಿ. ಯಾವಾಗಲೋ ಒಮ್ಮೆ ನೆತ್ತಿಗೆ ಹತ್ತುವುದು ಎಲ್ಲರಿಗೂ ಆಗುವಂಥದ್ದು, ತಲೆ ತಟ್ಟಿದ್ದರಿಂದ ಅದು ಇಳಿಯುವುದೂ ಇಲ್ಲ. ಊಟದಲ್ಲೆಲ್ಲ ಕೆಮ್ಮು ಬರುತ್ತಿದ್ದರೆ ಅಥವಾ ಉಂಡ ಮೇಲೆ ಮಗುವಿನ ದನಿ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ಎನ್ನುತ್ತಿದ್ದರೆ ಅದು ಬೇರೆ ಮಾತು. ನೀರು, ಹಾಲಿನಂಥ ತೆಳು ಪದಾರ್ಥಕ್ಕೆ ಕೆಮ್ಮುವ ಮಗುವಿನಲ್ಲಿ ನುಂಗುವಿಕೆಯ ಹೊಂದಾಣಿಕೆ ತಪ್ಪಿರುವ ಸಾಧ್ಯತೆ ಹೆಚ್ಚು. ನೀರನ್ನು ಸಲೀಸಾಗಿ ಕುಡಿದು, ಅನ್ನದ ಅಗುಳು ನಾಲಿಗೆಗೆ ತಾಗಿದೊಡನೆ ಓಕರಿಸುವ ಮಗುವಿನಲ್ಲಿ ಅಗಿಯುವ ಕೌಶಲ ಬೆಳೆದಿಲ್ಲದಿರಬಹುದು ಅಥವಾ ಬಾಯಿಯ ಸ್ಪರ್ಶಸಂವೇದನೆ ಅತಿಯಾಗಿರಬಹುದು. ಎಲ್ಲಕ್ಕಿಂತ ಕಷ್ಟವಾದುದು ಕೆಮ್ಮೇ ಬಾರದೆ ಆಹಾರ ಶ್ವಾಸಕೋಶಕ್ಕೆ ಇಳಿಯುವ ಸ್ಥಿತಿ. ಅದಕ್ಕೆ ಮನೆಯಲ್ಲಿ ಸಿಗುವ ಸುಳಿವು ಎಂದರೆ ಪದೇಪದೇ ಬರುವ ನ್ಯುಮೋನಿಯಾ, ಕಾರಣ ತಿಳಿಯದ ಜ್ವರ ಮತ್ತು ಎದೆಯ ಗೊರಗೊರ ಸದ್ದು.

ನಮ್ಮ ಸೀಮೆಗೇ ವಿಶಿಷ್ಟವಾದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಒಂದೂವರೆ ವರ್ಷದ ಮಗು ಬಸ್ಸಾರಿನಲ್ಲಿ ಅದ್ದಿದ ಸಣ್ಣ ತುತ್ತುಗಳನ್ನು ಸರಾಗವಾಗಿ ನುಂಗುವುದನ್ನು ಕಂಡು ದೊಡ್ಡವರ ಊಟಕ್ಕೆ ಹೊಂದಿಕೊಂಡಿತೆಂದು ಹಿಗ್ಗುವ ಮನೆಯವರು, ಅದೇ ಮಗು ಚಪಾತಿಯನ್ನೋ ಬೆಂದ ಬೀನ್ಸನ್ನೋ ಉಗುಳಿದಾಗ ಅದನ್ನು ಹಟವೆಂದು ತಿಳಿದು ಗದರುತ್ತಾರೆ. ಮುದ್ದೆ ಒಳ್ಳೆಯ ಆಹಾರವೇ ಹೌದು. ಆದರೆ ಅಗಿಯುವ ಶಕ್ತಿಯನ್ನು ಅಳೆಯಲು ಅದು ಸಾಧನವಾಗಲಾರದು. ಮೆತ್ತನೆಯ ದೋಸೆಯ ತುಂಡು ಕೊಟ್ಟು ನೋಡಿದರೆ ನಿಜ ತಿಳಿಯುತ್ತದೆ.

ಕೊನೆಗೆ ಗಡಿಯಾರ ನೋಡಿ. ಒಂದು ಊಟ 20ರಿಂದ 30 ನಿಮಿಷದೊಳಗೆ ಮುಗಿಯಬೇಕು. ದಿನವೂ ಮುಕ್ಕಾಲು ಗಂಟೆ ಮೀರಿದರೆ, ಮಗು ತಿನ್ನುವುದರಿಂದ ಪಡೆದ ಶಕ್ತಿಯ ಒಂದು ಪಾಲನ್ನು ತಿನ್ನುವುದಕ್ಕೇ ಕಳೆಯುತ್ತಿದೆ.

ನಾಲ್ಕನೆಯ ಹೆಜ್ಜೆ: ಮೂರು ದಿನದ ಲೆಕ್ಕ ಬರೆಯಿರಿ

ಮಗುವಿನ ಬಾಯಿಗೆ ಹೋದ ಪ್ರತಿಯೊಂದನ್ನೂ ಹೊತ್ತು, ಅಳತೆ ಸಹಿತ ಬರೆದಿಡಿ. ತಾತ ಅಂಗಡಿಯಿಂದ ತಂದ ಐದು ರೂಪಾಯಿಯ ಪೊಟ್ಟಣ, ಚಹಾದಲ್ಲಿ ಅದ್ದಿದ ಬಿಸ್ಕತ್ತು, ರಾತ್ರಿ ನಿದ್ದೆಯಲ್ಲೇ ಬಾಟಲಿಯಿಂದ ಕುಡಿದ ಹಾಲು, ಯಾವುದನ್ನೂ ಬಿಡಬೇಡಿ. ಏನೂ ತಿನ್ನುವುದಿಲ್ಲ ಎನ್ನಿಸಿಕೊಂಡ ಮಗುವಿನ ಹಾಳೆ ಎಷ್ಟೋ ಸಲ ಸಾಕಷ್ಟು ಉದ್ದವಾಗಿರುತ್ತದೆ.

ಮನೆಯಲ್ಲಿ ಹಸು ಕಟ್ಟಿರುವ ಮಂಡ್ಯದ ಹಳ್ಳಿಗಳಲ್ಲಿ ಮಗುವಿಗೆ ದಿನಕ್ಕೆ ಒಂದು ಲೀಟರ್ ಹಾಲು ಕುಡಿಸುವುದು ಹೆಮ್ಮೆಯ ಸಂಗತಿ. ವರ್ಷ ದಾಟಿದ ಮಗುವಿಗೆ ಅರ್ಧ ಲೀಟರ್ ಸಾಕು. ಹಸುವಿನ ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತದೆ. ಕಬ್ಬಿಣ ಕಡಿಮೆಯಾದಾಗ ಹಸಿವು ಕುಗ್ಗುತ್ತದೆ, ಹಸಿವಿಲ್ಲದ ಮಗುವಿಗೆ ಏನಾದರೂ ಹೋಗಲಿ ಎಂದು ಮನೆಯವರು ಮತ್ತಷ್ಟು ಹಾಲು ಕೊಡುತ್ತಾರೆ. ಚಹಾ ಆಹಾರದ ಕಬ್ಬಿಣವನ್ನು ದೇಹ ಹೀರದಂತೆ ತಡೆಯುವುದರಿಂದ ಮಕ್ಕಳಿಗೆ ಅದು ಬೇಡವೇ ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಹೀಗಿರುವಾಗ ಹಸಿವಿನ ಟಾನಿಕ್ ಕೊಳ್ಳುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದೇ ಸರಿಯಾದ ಕ್ರಮ. ಆಶಾ ಕಾರ್ಯಕರ್ತೆಯರ ಮೂಲಕ ಸಿಗುವ ಕಬ್ಬಿಣದ ಸಿರಪ್ಪನ್ನು ಈ ವಯಸ್ಸಿನ ಮಕ್ಕಳಿಗೆ ವಾರಕ್ಕೆ ಎರಡು ಬಾರಿ, ಸಲಕ್ಕೆ 1 ಮಿಲಿ ಲೀಟರಿನಂತೆ ಕೊಡುವುದು ಸರ್ಕಾರಿ ಕಾರ್ಯಕ್ರಮದ ಪದ್ಧತಿ. ಈಗಾಗಲೇ ರಕ್ತಹೀನತೆ ಇರುವ ಮಗುವಿಗೆ ಎಷ್ಟು ಬೇಕೆಂಬುದನ್ನು ವೈದ್ಯರು ತೂಕ ನೋಡಿ ಹೇಳುತ್ತಾರೆ. ವರ್ಷ ತುಂಬಿದ ಮಕ್ಕಳಿಗೆ ಜಂತುಹುಳುವಿನ ಔಷಧಿಯನ್ನು ಅಂಗನವಾಡಿಯಲ್ಲಿ ಕೊಟ್ಟಾಗ ತಪ್ಪಿಸಬೇಡಿ. ಮಲಬದ್ಧತೆ, ಹಲ್ಲಿನ ಹುಳುಕು, ಬಾಯಿಹುಣ್ಣು ಇವೆಯೇ ಎಂಬುದನ್ನೂ ಈ ಹಂತದಲ್ಲೇ ನೋಡಿ.

ಐದನೆಯ ಹೆಜ್ಜೆ: ಎದೆಹಾಲಿನ ಮಗುವಾದರೆ

ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡ. ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತ, ತೂಕ ಏರುತ್ತಿರುವ ಮಗು ಎಷ್ಟು ಅತ್ತರೂ ಹಾಲು ಸಾಲದೆಂದು ಹೇಳಲಾಗದು. ತೂಕ ಏರದಿದ್ದರೆ ಮಗು ಮೊಲೆಯನ್ನು ಹಿಡಿಯುವ ರೀತಿಯನ್ನು ಮೊದಲು ನೋಡಬೇಕು: ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗಿ, ಕೆಳದುಟಿ ಹೊರಕ್ಕೆ ಮಡಚಿ, ಗಲ್ಲ ಎದೆಗೆ ತಾಗಿರಬೇಕು. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಗರ್ಭದ ಸುಮಾರು 34ನೆಯ ವಾರಕ್ಕೆ ಬರುವುದರಿಂದ, ಅದಕ್ಕೂ ಮುನ್ನ ಹುಟ್ಟಿದ ಮಗುವಿಗೆ ಹಿಂಡಿದ ಎದೆಹಾಲನ್ನು ಕೊಳವೆಯಿಂದ ಅಥವಾ ಒಳಲೆಯಿಂದ, ಅಂದರೆ ಮೂತಿಯಿರುವ ಪುಟ್ಟ ಬಟ್ಟಲಿನಿಂದ, ಕೊಡಬೇಕಾಗಬಹುದು.

ಒಳಲೆಯಲ್ಲಿ ತಪ್ಪೇನೂ ಇಲ್ಲ, ಬಳಸುವ ರೀತಿಯಲ್ಲಿ ತಪ್ಪಾಗುತ್ತದೆ. ಮಗುವನ್ನು ಅರ್ಧ ಕುಳ್ಳಿರಿಸಿಕೊಂಡು, ಒಳಲೆಯ ಮೂತಿಯನ್ನು ಕೆಳದುಟಿಗೆ ತಾಗಿಸಿ, ಮಗು ತಾನೇ ಹೀರಿ ನುಂಗಿದ ಮೇಲೆ ಮುಂದಿನ ಗುಟುಕು ಕೊಡಬೇಕು. ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಗಂಟಲಿಗೆ ಸುರಿಯುವ ಪದ್ಧತಿಯಿಂದ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಣ್ಣೆ ನೀರಿನ ಸ್ನಾನದ ದಿನ ಮೂಗಿಗೆ ಎಣ್ಣೆ ಬಿಡುವುದೂ ಅಷ್ಟೇ ಅಪಾಯಕಾರಿ, ಏಕೆಂದರೆ ಎಣ್ಣೆ ಸೇರಿದ ಶ್ವಾಸಕೋಶದಲ್ಲಿ ಬೇಗ ವಾಸಿಯಾಗದ ಒಂದು ಬಗೆಯ ನ್ಯುಮೋನಿಯಾ ಉಂಟಾಗುತ್ತದೆ. ಜೇನುತುಪ್ಪವನ್ನು ವರ್ಷದೊಳಗೆ ನೆಕ್ಕಿಸಬಾರದು. ದೃಷ್ಟಿ ತೆಗೆಯುವುದರಿಂದ ಮಗುವಿಗೆ ತೊಂದರೆಯಿಲ್ಲ. ಅದನ್ನು ಮಾಡಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಿದರೆ ತೊಂದರೆ.

ಕುಡಿದ ಮೇಲೆ ಸ್ವಲ್ಪ ಹಾಲು ಕಕ್ಕಿ ನಗುವ ಮಗುವಿಗೆ ಔಷಧಿ ಬೇಕಿಲ್ಲ. ನಾಲ್ಕು ತಿಂಗಳ ಆಸುಪಾಸಿನಲ್ಲಿ ಹೆಚ್ಚಾಗುವ ಈ ಕಕ್ಕುವಿಕೆ ಒಂದೂವರೆ ವರ್ಷದೊಳಗೆ ತಾನಾಗಿ ನಿಲ್ಲುತ್ತದೆ.

ಆರನೆಯ ಹೆಜ್ಜೆ: ಕೂರಿಸುವ ಭಂಗಿಯನ್ನು ಸರಿಪಡಿಸಿ

ಖರ್ಚಿಲ್ಲದೆ ಬೇಗ ಫಲ ಕೊಡುವ ಬದಲಾವಣೆ ಇದು. ತಲೆ ನೆಟ್ಟಗೆ, ಗಲ್ಲ ತುಸು ಕೆಳಕ್ಕೆ, ಬೆನ್ನಿಗೆ ಆಸರೆ, ಸೊಂಟ ಮತ್ತು ಮಂಡಿ ಸರಿಯಾಗಿ ಮಡಚಿ, ಪಾದ ಯಾವುದರ ಮೇಲಾದರೂ ಊರಿರಬೇಕು. ದುಬಾರಿ ಕುರ್ಚಿ ಬೇಕಿಲ್ಲ. ಗೋಡೆಯ ಮೂಲೆಗೆ ದಿಂಬಿಟ್ಟು ಕೂರಿಸಿ, ಕಾಲ ಕೆಳಗೆ ಮಣೆ ಇಟ್ಟರೂ ಆಗುತ್ತದೆ. ತಿನ್ನಿಸುವವರು ಮಗುವಿನ ಕಣ್ಣಿನ ಮಟ್ಟದಲ್ಲಿ ಎದುರಿಗೆ ಕೂರಬೇಕು. ನಿಂತು ತಿನ್ನಿಸಿದರೆ ಮಗು ಕತ್ತು ಹಿಂದಕ್ಕೆ ವಾಲಿಸುತ್ತದೆ, ಕತ್ತು ಹಿಂದಕ್ಕೆ ವಾಲಿದಾಗ ಆಹಾರ ಶ್ವಾಸನಾಳಕ್ಕೆ ಜಾರುವುದು ಸುಲಭ.

ಚಮಚ ಚಿಕ್ಕದಾಗಿ, ಹೆಚ್ಚು ಆಳವಿಲ್ಲದೆ ಇರಲಿ. ಅದನ್ನು ನೇರವಾಗಿ ತಂದು, ನಾಲಿಗೆಯ ನಡುಭಾಗವನ್ನು ಹಗುರವಾಗಿ ಒತ್ತಿ, ತುಟಿ ಮುಚ್ಚುವವರೆಗೆ ಕಾದು, ಮೇಲಕ್ಕೆ ಒರೆಸದೆ ನೇರವಾಗಿ ಹೊರತೆಗೆಯಿರಿ. ಹಿಂದಿನ ತುತ್ತು ಇಳಿದಿದೆಯೆಂದು ಕಂಡ ಮೇಲೆಯೇ ಮುಂದಿನದು.

ಏಳನೆಯ ಹೆಜ್ಜೆ: ಆಹಾರದ ಹದವನ್ನು ಏರಿಸುತ್ತ ಹೋಗಿ

ಆರು ತಿಂಗಳು ತುಂಬಿದಾಗ ಚಮಚ ಓರೆಮಾಡಿದರೆ ಹರಿದುಹೋಗದಷ್ಟು ಗಟ್ಟಿಯಾದ ರಾಗಿ ಸರಿ, ಕಿವುಚಿದ ಬಾಳೆಹಣ್ಣು, ತುಪ್ಪ ಬೆರೆಸಿದ ಮೆತ್ತನೆಯ ಬೇಳೆ ಅನ್ನ ಆರಂಭಿಸಬೇಕು. ಬೇಳೆಯ ಕಟ್ಟು, ಅನ್ನದ ಗಂಜಿಯ ತಿಳಿ ಕೊಡುವುದರಲ್ಲಿ ಹುರುಳಿಲ್ಲ. ಮಗುವಿನ ಹೊಟ್ಟೆ ಕಿಲೋ ತೂಕಕ್ಕೆ ಸುಮಾರು 30 ಮಿಲಿ ಲೀಟರಿನಷ್ಟು ಮಾತ್ರ ಹಿಡಿಯುತ್ತದೆ. ಅಂದರೆ 8 ಕಿಲೋ ಮಗುವಿಗೆ ಒಂದು ಬಟ್ಟಲು. ಆ ಬಟ್ಟಲನ್ನು ನೀರಿನಿಂದ ತುಂಬಿಸಿದರೆ ಎದೆಹಾಲಿನ ಜೊತೆಗೆ ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಆ ಶಕ್ತಿ 6ರಿಂದ 8 ತಿಂಗಳಿಗೆ ದಿನಕ್ಕೆ ಸುಮಾರು 200 ಕಿಲೋ ಕ್ಯಾಲೊರಿ, 9ರಿಂದ 11 ತಿಂಗಳಿಗೆ 300, ಎರಡನೆಯ ವರ್ಷದಲ್ಲಿ 550. ಒಂದು ಟೀ ಚಮಚ ತುಪ್ಪ ಅಥವಾ ಎಣ್ಣೆ ಸುಮಾರು 45 ಕಿಲೋ ಕ್ಯಾಲೊರಿ ಕೊಡುತ್ತದೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿಯ ಗುಣವೆಂದರೆ, ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಸರಿ ಅಂಟಾಗುವುದಿಲ್ಲ, ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ನಮ್ಮ ಅಜ್ಜಿಯರ ಈ ಪದ್ಧತಿಯನ್ನು ಬಿಟ್ಟು ಡಬ್ಬಿಯ ಪುಡಿಗೆ ಹಣ ಸುರಿಯುವುದಕ್ಕೆ ಕಾರಣ ಕಾಣದು. ವರ್ಷದೊಳಗೆ ಉಪ್ಪು, ಸಕ್ಕರೆ, ಬೆಲ್ಲ ಬೆರೆಸುವ ಅಗತ್ಯವಿಲ್ಲ.

ಎಂಟು ತಿಂಗಳ ಹೊತ್ತಿಗೆ ಮಿಕ್ಸಿಯನ್ನು ಬದಿಗಿಡಬೇಕು. ಕೈಯಲ್ಲಿ ಕಿವುಚಿದ, ಸಣ್ಣ ಗಂಟುಗಳಿರುವ ಹೆಸರುಬೇಳೆ ಪೊಂಗಲ್, ಇಡ್ಲಿ, ಬೇಯಿಸಿದ ಸಿಹಿಗೆಣಸು ಕೊಡಿ; 9–10 ತಿಂಗಳಿಗೆ ಮಗು ತಾನೇ ಹಿಡಿದು ಕಚ್ಚುವಂತೆ ಮೆತ್ತಗೆ ಬೆಂದ ಕ್ಯಾರೆಟ್ ಕಡ್ಡಿ, ದೋಸೆಯ ಪಟ್ಟಿ ಕೊಡಿ. ಹತ್ತು ತಿಂಗಳು ದಾಟಿದರೂ ಗಂಟಿನ ರುಚಿ ಕಾಣದ ಮಕ್ಕಳು ಮುಂದೆ ಗಟ್ಟಿ ಆಹಾರವನ್ನು ನಿರಾಕರಿಸುವುದು ಹೆಚ್ಚು. ಎರಡು ವರ್ಷದ ಮಗುವಿಗೂ ಎಲ್ಲವನ್ನೂ ನುಣ್ಣಗೆ ಅರೆದು ಕೊಡುತ್ತಿರುವ ಮನೆಯಲ್ಲಿ ಒಮ್ಮೆಲೇ ಚಪಾತಿಗೆ ಹಾರಬಾರದು. ಅರೆಯುವ ಹೊತ್ತನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಬರಬೇಕು. ತಿಳಿಸಾರು ಕಲಸಿದ ಅನ್ನ ಸುಲಭವೆಂದು ಎಲ್ಲರೂ ಭಾವಿಸುತ್ತಾರೆ, ಆದರೆ ದ್ರವವನ್ನೂ ಅಗುಳನ್ನೂ ಒಂದೇ ತುತ್ತಿನಲ್ಲಿ ನಿಭಾಯಿಸುವುದು ತೊಂದರೆಯಿರುವ ಮಗುವಿಗೆ ಅತ್ಯಂತ ಕಷ್ಟ. ಅಂಥ ಮಗುವಿಗೆ ಗಟ್ಟಿ ಬೇಳೆಯಲ್ಲಿ ಒಂದೇ ಹದಕ್ಕೆ ಕಿವುಚಿ ಕೊಡಿ.

ಇಡಿ ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿ ಚೂರು, ಇಡಿ ದ್ರಾಕ್ಷಿ 5 ವರ್ಷದವರೆಗೆ ಬೇಡ. ಓಕರಿಸುವ ಮಗು ಸದ್ದು ಮಾಡುತ್ತದೆ, ಅದಕ್ಕೆ ಬಿಡುವು ಕೊಡಿ. ಗಂಟಲು ಕಟ್ಟಿದ ಮಗು ಸದ್ದಿಲ್ಲದೆ ನೀಲಿಯಾಗುತ್ತದೆ. ಆಗ ವರ್ಷದೊಳಗಿನ ಮಗುವಾದರೆ ತಲೆ ಕೆಳಗಾಗುವಂತೆ ಮುಂದೋಳಿನ ಮೇಲೆ ಬೋರಲಾಗಿ ಮಲಗಿಸಿ ಬೆನ್ನಿನ ಮೇಲ್ಭಾಗಕ್ಕೆ 5 ಪೆಟ್ಟು, ಆಮೇಲೆ ತಿರುಗಿಸಿ ಎದೆಯ ಮಧ್ಯಕ್ಕೆ ಎರಡು ಬೆರಳಿನಿಂದ 5 ಒತ್ತು. ದೊಡ್ಡ ಮಗುವಾದರೆ ಬೆನ್ನಿಗೆ 5 ಪೆಟ್ಟು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗಕ್ಕೆ 5 ಒತ್ತು. ಕಾಣದ ವಸ್ತುವಿಗಾಗಿ ಬಾಯಿಯೊಳಗೆ ಬೆರಳಾಡಿಸಬೇಡಿ.

ಎಂಟನೆಯ ಹೆಜ್ಜೆ: ಒತ್ತಾಯವನ್ನು ನಿಲ್ಲಿಸಿ

ಏನು, ಯಾವಾಗ, ಎಲ್ಲಿ ಕೊಡಬೇಕೆಂಬುದು ನಿಮ್ಮ ತೀರ್ಮಾನ. ಎಷ್ಟು ತಿನ್ನಬೇಕೆಂಬುದು ಮಗುವಿನದು. ಊಟಗಳ ನಡುವೆ ಎರಡೂವರೆ ಮೂರು ಗಂಟೆ ಅಂತರವಿಟ್ಟು, ಆ ನಡುವೆ ನೀರಲ್ಲದೆ ಬೇರೇನೂ ಕೊಡದಿದ್ದರೆ ಹಸಿವು ತಾನೇ ಕೆಲಸ ಮಾಡುತ್ತದೆ. ಮೊಬೈಲ್ ತೋರಿಸಿ ಬಾಯಿಗೆ ತುರುಕಿದ ಊಟದಲ್ಲಿ ಮಗು ಹಸಿವನ್ನೂ ಗಮನಿಸುವುದಿಲ್ಲ, ತೃಪ್ತಿಯನ್ನೂ ಗಮನಿಸುವುದಿಲ್ಲ. ಹೊಸ ಆಹಾರವನ್ನು ಮಗು ಒಪ್ಪಲು 10ರಿಂದ 15 ಬಾರಿ ಎದುರಿಗಿಡಬೇಕಾಗಬಹುದು. ಎರಡು ಸಲ ಉಗುಳಿದ್ದನ್ನು ಇಷ್ಟವಿಲ್ಲವೆಂದು ಪಟ್ಟಿಯಿಂದ ತೆಗೆಯುವುದು ಅವಸರ. ಕೈಯಿಂದ ಮುಟ್ಟಿ, ಹಿಸುಕಿ, ಚೆಲ್ಲಾಡಲು ಬಿಡಿ. ಅತ್ತೆ, ಮಾವ, ತಾಯಿ, ತಂದೆ ಎಲ್ಲರೂ ಒಂದೇ ನಿಯಮ ಪಾಲಿಸದಿದ್ದರೆ ಈ ಹೆಜ್ಜೆ ಫಲಿಸುವುದಿಲ್ಲ, ಮತ್ತು ಕೂಡುಕುಟುಂಬದಲ್ಲಿ ಇದೇ ಅತ್ಯಂತ ಕಠಿಣ ಭಾಗ. ಮೂರು ದಿನದ ಲೆಕ್ಕದ ಹಾಳೆಯನ್ನು ಹಿರಿಯರ ಮುಂದಿಡುವುದು ವಾದಕ್ಕಿಂತ ಉಪಯುಕ್ತ.

ಒಂದು ಎಚ್ಚರಿಕೆ: ತೂಕ ಇಳಿಯುತ್ತಿರುವ ಅಥವಾ ನುಂಗಲಾಗದ ಮಗುವಿಗೆ ಹಸಿದರೆ ತಾನೇ ತಿನ್ನುತ್ತದೆ ಎಂಬ ಮಾತು ಅನ್ವಯಿಸುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಸರಿಯಾದ ತಜ್ಞರನ್ನು ಕಾಣಿ

ಮೊದಲು ಮಕ್ಕಳ ವೈದ್ಯರನ್ನು ಕಾಣಬೇಕು. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ (ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಬೋಧನಾ ಆಸ್ಪತ್ರೆ ಸರ್ಕಾರಿ ವ್ಯವಸ್ಥೆಯಲ್ಲಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ತಪಾಸಿಸುತ್ತವೆ. ಬೆಳವಣಿಗೆಯ ಕುಂಠಿತವಿರುವವರನ್ನು ಮುಂದಿನ ಚಿಕಿತ್ಸೆಗೆ ಕಳುಹಿಸುತ್ತವೆ. ತೀವ್ರ ಅಪೌಷ್ಟಿಕತೆಯ ಜೊತೆಗೆ ಸೋಂಕು ಅಥವಾ ಹಸಿವಿಲ್ಲದಿರುವಿಕೆ ಇದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿಯೊಂದಿಗೆ ಸುಮಾರು ಎರಡು ವಾರ ಇರಿಸಿಕೊಂಡು ಚಿಕಿತ್ಸೆ ಕೊಡಲಾಗುತ್ತದೆ.

ಬಾಯಿ, ಗಂಟಲಿನ ಕೌಶಲದ ತೊಂದರೆಗೆ ವಾಕ್ ತಜ್ಞರೇ ಮುಖ್ಯ. 1965ರಲ್ಲಿ ಸ್ಥಾಪನೆಯಾದ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಾತು ಬಾರದವರು, ಕಿವಿ ಕೇಳದವರು ಮಾತ್ರ ಹೋಗುತ್ತಾರೆಂದು ಮೈಸೂರಿನವರೇ ಎಷ್ಟೋ ಮಂದಿ ತಿಳಿದಿದ್ದಾರೆ. ನುಂಗುವ, ಉಣ್ಣುವ ತೊಂದರೆಗಳಿಗೂ ಅಲ್ಲಿ ತಪಾಸಣೆ ಮತ್ತು ತರಬೇತಿ ದೊರೆಯುತ್ತದೆ. ಹೋಗುವಾಗ ತಾಯಿ ಕಾರ್ಡ್, ಲೆಕ್ಕದ ಹಾಳೆ, ವಿಡಿಯೊ, ಮಗು ಬಳಸುವ ಚಮಚ ಮತ್ತು ಲೋಟ, ಒಂದು ಡಬ್ಬಿಯಲ್ಲಿ ಅದು ತಿನ್ನುವ ಮತ್ತು ತಿನ್ನದ ಆಹಾರ ಒಯ್ಯಿರಿ; ಮಗುವಿಗೆ ಸ್ವಲ್ಪ ಹಸಿವಿರಲಿ. ಶ್ವಾಸಕೋಶಕ್ಕೆ ಆಹಾರ ಇಳಿಯುತ್ತಿರುವ ಸಂಶಯವಿದ್ದರೆ, ಎಕ್ಸ್‌ರೇಯಲ್ಲಿ ಕಾಣುವ ಬೇರಿಯಂ ಬೆರೆಸಿದ ಆಹಾರವನ್ನು ನುಂಗಿಸಿ ಅದರ ಚಲನೆಯನ್ನು ಚಿತ್ರೀಕರಿಸುವ ಪರೀಕ್ಷೆಯನ್ನೋ, ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಗಂಟಲನ್ನು ನೋಡುವ ಪರೀಕ್ಷೆಯನ್ನೋ ಸೂಚಿಸಬಹುದು. ಹಾಲು, ನೀರನ್ನು ಗಟ್ಟಿ ಮಾಡಿ ಕೊಡುವುದನ್ನು ಈ ತಜ್ಞರು ಹೇಳಿದರೆ ಮಾತ್ರ ಮಾಡಬೇಕು.

ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ತೂಕ ಇಳಿಯುವವರೆಗೆ ಕಾಯದೆ ಮೊದಲೇ ತೋರಿಸಬೇಕು. ಬಿಳಿ ಅನ್ನ ಮತ್ತು ಒಂದೇ ಕಂಪನಿಯ ಬಿಸ್ಕತ್ತು ಬಿಟ್ಟರೆ ಬೇರೇನನ್ನೂ ಮುಟ್ಟದ, ಕರೆದರೆ ತಿರುಗದ, ಮಾತು ತಡವಾದ ಮಗುವಿಗೆ ಆಟಿಸಂ ತಪಾಸಣೆ ಮಾಡಿಸಬೇಕು. ಅಂಥ ಮಗುವಿಗೆ ಒಪ್ಪಿಗೆಯಾದ ಆಹಾರವನ್ನು ಕಿತ್ತುಕೊಳ್ಳದೆ, ಅದರ ಪಕ್ಕದಲ್ಲೇ ಅದನ್ನು ಹೋಲುವ ಹೊಸದೊಂದನ್ನು ಇಡುತ್ತ ಬರುವುದು ಕ್ರಮ.

ಬಾಯಿಯಿಂದ ಸಾಕಷ್ಟು ಹೋಗದ ಅಥವಾ ಬಾಯಿಯಿಂದ ಕೊಡುವುದು ಸುರಕ್ಷಿತವಲ್ಲದ ಕೆಲವು ಮಕ್ಕಳಿಗೆ ಮೂಗಿನ ಕೊಳವೆಯನ್ನೋ, ದೀರ್ಘಕಾಲಕ್ಕಾದರೆ ಹೊಟ್ಟೆಗೆ ನೇರವಾಗಿ ಇಡುವ ಕೊಳವೆಯನ್ನೋ ವೈದ್ಯರು ಸಲಹೆ ಮಾಡುತ್ತಾರೆ. ಇದನ್ನು ಸೋಲೆಂದು ತಿಳಿದು ತಿಂಗಳುಗಟ್ಟಲೆ ಮುಂದೂಡುವ ತಂದೆ ತಾಯಿಯರಿದ್ದಾರೆ. ಆ ತಿಂಗಳುಗಳಲ್ಲಿ ಮಗುವಿನ ತೂಕ ಇಳಿದು, ತರಬೇತಿ ಪಡೆಯುವ ಶಕ್ತಿಯೂ ಅದಕ್ಕೆ ಉಳಿಯುವುದಿಲ್ಲ. ಕೊಳವೆಯಿದ್ದಾಗಲೂ ದಿನಕ್ಕೆ ಎರಡು ಬಾರಿ ಬಾಯಿ ಶುಚಿ ಮಾಡಿ, ಎಲ್ಲರೂ ಉಣ್ಣುವ ಹೊತ್ತಿನಲ್ಲಿ ಮಗುವನ್ನೂ ಜೊತೆಗೆ ಕೂರಿಸಿಕೊಂಡು, ತಜ್ಞರು ಒಪ್ಪಿದಷ್ಟು ರುಚಿಯನ್ನು ನಾಲಿಗೆಗೆ ತಾಗಿಸುತ್ತಿರಬೇಕು. ಹಾಗೆ ಮಾಡದಿದ್ದರೆ ಕೊಳವೆ ತೆಗೆಯುವ ದಿನ ಬಂದಾಗ ಬಾಯಿಗೆ ಏನು ತಾಗಿದರೂ ಓಕರಿಸುವ ಹೊಸ ತೊಂದರೆ ಎದುರಾಗುತ್ತದೆ.